ಗುಲಾಬಿ ಎಲೆಗೆ ಏನಾಗಿದೆ? ಔಷಧ ಹೊಡೆಯುವ ಮೊದಲು ನೋಡಬೇಕಾದದ್ದು

ಗುಲಾಬಿ ಎಲೆ ಮುದುಡಿತು, ಹಳದಿಯಾಯ್ತು, ತೂತು ಬಿತ್ತು ಅಂದರೆ ಹೊಸದಾಗಿ ಗಿಡ ಬೆಳೆಸುವವರು ಮಾಡುವ ಕೆಲಸ ಒಂದೇ. ಒಂದು ಎಲೆ ಕಿತ್ತು ಗೊಬ್ಬರದ ಅಂಗಡಿಗೆ ಒಯ್ಯುವುದು, ಅಲ್ಲಿ ಕೊಟ್ಟ ಬಾಟಲಿ ತಂದು ಹೊಡೆಯುವುದು. ಎಷ್ಟೋ ಸಲ ಆ ಔಷಧಕ್ಕೂ ಗಿಡದ ತೊಂದರೆಗೂ ಸಂಬಂಧವೇ ಇರುವುದಿಲ್ಲ. ಹುಳುವಿನ ಔಷಧ ಬೂದಿ ರೋಗಕ್ಕೆ ತಟ್ಟುವುದಿಲ್ಲ. ಎಲೆ ತಿನ್ನುವ ಹುಳುವನ್ನು ಕೊಲ್ಲುವ ಔಷಧ ಕೆಂಪು ನುಸಿಯನ್ನು ಕೊಲ್ಲುವುದಿಲ್ಲ. ಅಷ್ಟೇ ಅಲ್ಲ, ಕೆಲವು ಔಷಧ ಹೊಡೆದರೆ ನುಸಿ ಮೊದಲಿಗಿಂತ ಜಾಸ್ತಿ ಆಗುತ್ತದೆ.

ಹಾಗಾಗಿ ಇಲ್ಲಿ ರೋಗದ ಹೆಸರಿನಿಂದ ಶುರು ಮಾಡಿಲ್ಲ. ನಿಮ್ಮ ಕಣ್ಣಿಗೆ ಏನು ಕಾಣುತ್ತದೋ ಅಲ್ಲಿಂದ ಶುರು ಮಾಡಿದ್ದೇನೆ. ನಿಮ್ಮ ಗಿಡದ ಲಕ್ಷಣ ಯಾವ ಭಾಗಕ್ಕೆ ಹೊಂದುತ್ತದೋ ಅದನ್ನು ಓದಿ. ಪ್ರತಿ ಭಾಗದಲ್ಲೂ ದುಡ್ಡು ಖರ್ಚಾಗದ ಕೆಲಸ ಮೊದಲು, ಔಷಧ ಕೊನೆಗೆ.

ಎಲ್ಲಕ್ಕೂ ಮೊದಲು: ಎಲೆ ತಿರುವಿ ನೋಡಿ

ಬೇಕಾದ ಸಾಮಾನು ಮೂರೇ. ಒಂದು ಬಿಳಿ ಹಾಳೆ, ಒಂದು ಭೂತಕನ್ನಡಿ (ಮಕ್ಕಳ ಆಟದ್ದಾದರೂ ನಡೆಯುತ್ತದೆ, ಇಲ್ಲದಿದ್ದರೆ ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿ) ಮತ್ತು ಕತ್ತರಿ. ಬೆಳಿಗ್ಗೆ ಬಿಸಿಲು ಏರುವ ಮೊದಲು ನೋಡುವುದು ಒಳ್ಳೆಯದು.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ತೊಂದರೆ ತುದಿಯ ಎಳೆ ಚಿಗುರಿನಲ್ಲಿ ಇದೆಯೋ, ಕೆಳಗಿನ ಬಲಿತ ಎಲೆಯಲ್ಲಿ ಇದೆಯೋ? ಹೇನು, ಥ್ರಿಪ್ಸ್ (ದಾರದ ಚೂರಿನಂಥ ಸಣ್ಣ ಹುಳು), ಬೂದಿ ರೋಗ ಚಿಗುರಿಗೆ ಮೊದಲು ಬರುತ್ತವೆ. ಕೆಂಪು ನುಸಿ, ಕಪ್ಪು ಚುಕ್ಕೆ, ನೀರು ಜಾಸ್ತಿಯಾದ ಹಳದಿ ಸಾಮಾನ್ಯವಾಗಿ ಕೆಳಗಿನ ಎಲೆಯಿಂದ ಶುರುವಾಗುತ್ತವೆ. ಎರಡನೆಯದು ಎಲೆಯ ಅಡಿಭಾಗ. ಹುಳುಗಳ ಸಂಸಾರ ಎಲ್ಲಾ ಅಲ್ಲೇ ಇರುತ್ತದೆ. ಮೇಲಿಂದ ನೋಡಿ ತೀರ್ಮಾನ ಮಾಡಬೇಡಿ.

ನಮ್ಮ ಧಾರವಾಡ, ಗದಗ, ಹಾವೇರಿ ಕಡೆ ಕಾಲ ನೋಡಿದರೇ ಅರ್ಧ ಉತ್ತರ ಸಿಗುತ್ತದೆ. ಶಿವರಾತ್ರಿ ಕಳೆದು ಬಿಸಿಲು ಏರಿತು ಅಂದರೆ ಕೆಂಪು ನುಸಿ ಮತ್ತು ಥ್ರಿಪ್ಸ್. ಮುಂಗಾರಿಗೂ ಮುಂಚಿನ ಅಡ್ಡಮಳೆ ಬಿದ್ದ ಸಂಜೆ ಎಲೆ ತಿನ್ನುವ ದುಂಬಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಟಿಜಿಟಿ ಮಳೆಯಲ್ಲಿ ಕಪ್ಪು ಚುಕ್ಕೆ. ಇದು ಗದಗಿನ ಒಣ ಹವೆಗಿಂತ ಧಾರವಾಡದ ಜಡಿಮಳೆಯಲ್ಲಿ ಹೆಚ್ಚು ಕಾಡುತ್ತದೆ. ದೀಪಾವಳಿ ಚಳಿ ಶುರುವಾದ ಮೇಲೆ ಹೇನು ಮತ್ತು ಬೂದಿ ರೋಗ.

ಮೊಗ್ಗು, ಚಿಗುರಿನ ಮೇಲೆ ಹಸಿರು ಹುಳು ಮುತ್ತಿವೆ, ಎಲೆ ಅಂಟಂಟು, ಇರುವೆ ಓಡಾಡುತ್ತಿವೆ

ಇದು ಗಿಡಹೇನು. ಹಸಿರು, ಕೆಲವೊಮ್ಮೆ ಕೆಂಪು ಬಣ್ಣದ ಮೆತ್ತನೆಯ ಸಣ್ಣ ಹುಳು. ಮೊಗ್ಗಿನ ಕುತ್ತಿಗೆಯಲ್ಲಿ ಗುಂಪಾಗಿ ಕೂತಿರುತ್ತವೆ. ರಸ ಹೀರಿ ಸಿಹಿ ಅಂಟು ಬಿಡುತ್ತವೆ. ಆ ಅಂಟಿಗೆ ಇರುವೆ ಬರುತ್ತವೆ. ಅದರ ಮೇಲೆ ಕಾಡಿಗೆಯಂಥ ಕಪ್ಪು ಬೂಷ್ಟು ಬೆಳೆಯುತ್ತದೆ. ಆ ಕಪ್ಪು ಒರೆಸಿದರೆ ಹೋಗುತ್ತದೆ, ಅದು ಬೇರೆ ರೋಗ ಅಲ್ಲ.

ಹೊಸಬರಿಗೆ ನೋಡಲು ಗಾಬರಿ ಆಗುತ್ತದೆ, ಆದರೆ ಗುಲಾಬಿಗೆ ಬರುವ ಹುಳುಗಳಲ್ಲಿ ಸುಲಭವಾಗಿ ಹೋಗುವುದು ಇದೇ. ನೀರನ್ನು ಜೋರಾಗಿ ಬಿಡಿ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಚಿಗುರಿಗೆ ಆಸರೆ ಕೊಟ್ಟು ತೊಳೆಯಿರಿ. ಕೆಳಗೆ ಬಿದ್ದ ಹೇನು ತಿರುಗಿ ಹತ್ತುವುದು ಕಷ್ಟ. ನಳದ ನೀರು ದಿನಾ ಬರದ ಓಣಿಯಲ್ಲಿದ್ದರೆ ಸ್ಪ್ರೇ ಬಾಟಲಿ ಸಾಕು, ಇಲ್ಲವೇ ಬೆರಳಿಂದ ಸವರಿ ತೆಗೆಯಿರಿ. ಹೇನುಗಳು ಮೊಟ್ಟೆಗೆ ಕಾಯದೆ ನೇರವಾಗಿ ಮರಿ ಹಾಕುತ್ತವೆ, ಆ ಮರಿ ವಾರದಲ್ಲೇ ಬೆಳೆದು ತಾನೂ ಮರಿ ಹಾಕುತ್ತದೆ. ಅದಕ್ಕೇ ಒಂದು ಸಲ ತೊಳೆದು ಬಿಡಬೇಡಿ. ಎರಡು ಮೂರು ದಿನಕ್ಕೊಮ್ಮೆ, ಎರಡು ವಾರ ಮಾಡಿ.

ಹೇನಿನ ನಡುವೆ ಪುಟ್ಟ ಮೊಸಳೆಯ ಹಾಗೆ ಕಾಣುವ, ಬೂದು ಮೈ ಮೇಲೆ ಕಿತ್ತಳೆ ಚುಕ್ಕೆ ಇರುವ ಹುಳು ಕಂಡರೆ ದಯವಿಟ್ಟು ಕೊಲ್ಲಬೇಡಿ. ಅದು ಗುಲಗಂಜಿ ಹುಳುವಿನ ಮರಿ. ಹೇನೇ ಅದರ ಊಟ. ಬೆಳೆದ ಮೇಲೆ ಕೆಂಪು ಬೆನ್ನಿಗೆ ಕಪ್ಪು ಚುಕ್ಕೆ ಬರುತ್ತದೆ, ಆಗ ಎಲ್ಲರೂ ಗುರುತು ಹಿಡಿಯುತ್ತಾರೆ. ಮರಿ ಇದ್ದಾಗ ಮಾತ್ರ ಗುರುತು ಸಿಗದೆ ಕೀಟ ಎಂದು ಹೊಸಕಿ ಹಾಕುತ್ತಾರೆ. ಗಿಡದ ಮೇಲೆ ಇವು ಇದ್ದರೆ ಯಾವ ಔಷಧವನ್ನೂ ಹೊಡೆಯದೆ ಒಂದು ವಾರ ಕಾದು ನೋಡಿ.

ಇರುವೆಗಳು ಮಾತ್ರ ಹೇನಿನ ಕಡೆಯವು. ಗುಲಗಂಜಿ ಹುಳು ಬಂದರೆ ಓಡಿಸುತ್ತವೆ. ಕುಂಡವನ್ನು ಇಟ್ಟಿಗೆ ಮೇಲಿಟ್ಟು, ಆ ಇಟ್ಟಿಗೆಯನ್ನು ನೀರು ತುಂಬಿದ ತಟ್ಟೆಯಲ್ಲಿ ಇಟ್ಟರೆ ಇರುವೆ ಹತ್ತುವುದಿಲ್ಲ. ಕುಂಡದ ಬುಡ ನೀರಿಗೆ ತಾಗಬಾರದು. ಸೊಳ್ಳೆ ಆಗದಂತೆ ತಟ್ಟೆಯ ನೀರನ್ನು ಆಗಾಗ ಚೆಲ್ಲಿ ಬದಲಿಸಿ.

ಇನ್ನೊಂದು ಮಾತು. ಎಲೆಯೆಲ್ಲಾ ಅಂಟು, ಆದರೆ ಎಷ್ಟು ಹುಡುಕಿದರೂ ಒಂದು ಹೇನೂ ಇಲ್ಲವೇ? ತಲೆ ಎತ್ತಿ ನೋಡಿ. ಧಾರವಾಡದ ಹಿತ್ತಲುಗಳಲ್ಲಿ ಆಪೂಸ್ ಮಾವಿನ ಮರ ಇರುವುದು ಸಾಮಾನ್ಯ ಅಲ್ವಾ? ಮಾವು ಹೂ ಬಿಡುವಾಗ ಜಿಗಿಹುಳು ಬಿಡುವ ಅಂಟು ಕೆಳಗಿನ ಗಿಡಗಳ ಮೇಲೆ ಸುರಿಯುತ್ತದೆ. ಆಗ ಗುಲಾಬಿಗೆ ಔಷಧ ಬೇಡ. ಕುಂಡವನ್ನು ಮರದ ಕೆಳಗಿಂದ ಸರಿಸಿ, ಎಲೆ ತೊಳೆಯಿರಿ, ಮುಗಿಯಿತು. ಹೇಗೂ ಗುಲಾಬಿಗೆ ದಿನಕ್ಕೆ ಆರು ತಾಸು ಬಿಸಿಲು ಬೇಕು. ಮರದ ನೆರಳು ಅದಕ್ಕೆ ಒಗ್ಗುವುದಿಲ್ಲ.

ಎಳೆ ಎಲೆ ಮುರುಟಿದೆ, ಅಂಚು ಕಂದಾಗಿದೆ, ಮೊಗ್ಗು ಬಂದರೂ ಅರಳುತ್ತಿಲ್ಲ

ನಮ್ಮ ಭಾಗದಲ್ಲಿ ಗುಲಾಬಿ ಬೆಳೆಸುವವರು ಸರಿಯಾಗಿ ತಿಳಿದುಕೊಳ್ಳಲೇಬೇಕಾದ ತೊಂದರೆ ಇದು. ಕಾರಣ ಥ್ರಿಪ್ಸ್. ಇದನ್ನೂ ಕೆಲವರು ನುಸಿ ಎನ್ನುತ್ತಾರೆ, ಆದರೆ ಮುಂದೆ ಬರುವ ಕೆಂಪು ನುಸಿ ಬೇರೆ. ಬ್ಯಾಡಗಿ ಮೆಣಸಿನಕಾಯಿ ಬೆಳೆಯುವವರಿಗೆ ಇದನ್ನು ಪರಿಚಯ ಮಾಡಿಕೊಡಬೇಕಿಲ್ಲ. ಮೆಣಸಿನ ಗಿಡದ ಎಲೆ ದೋಣಿಯಂತೆ ಮೇಲಕ್ಕೆ ಮುದುಡುವ ಮುಟುರಿಗೆ ಕಾರಣವಾದ ಥ್ರಿಪ್ಸೇ ಗುಲಾಬಿಯ ಚಿಗುರಿಗೂ ಬರುತ್ತದೆ. ಹಾವೇರಿ, ಕುಂದಗೋಳ, ಗದಗ ಕಡೆ ಸುತ್ತಲೂ ಮೆಣಸಿನ ಹೊಲ ಇದ್ದರೆ ಗಾಳಿಯಲ್ಲೇ ಬಂದು ಸೇರುತ್ತವೆ. ಟೆರೇಸ್ ಮೇಲೆ ಮೆಣಸಿನ ಕುಂಡ ಮತ್ತು ಗುಲಾಬಿ ಕುಂಡ ಒತ್ತಿ ಇಟ್ಟಿದ್ದರೆ ಮೊದಲು ಅವನ್ನು ದೂರ ಮಾಡಿ.

ಲಕ್ಷಣ ಹೀಗಿರುತ್ತದೆ. ಹೊಸ ಎಲೆ ಸಣ್ಣದಾಗಿ, ಸೊಟ್ಟಗೆ ಬರುತ್ತದೆ. ಅಂಚು ಮತ್ತು ನಡುನರದ ಪಕ್ಕ ಕಂಚಿನ ಬಣ್ಣ, ಆಮೇಲೆ ಕಪ್ಪು. ಮೊಗ್ಗಿನ ಹೊರ ಪಕಳೆ ಕಂದಾಗಿ ಒಣಗುತ್ತದೆ, ಮೊಗ್ಗು ಅರ್ಧಕ್ಕೆ ನಿಲ್ಲುತ್ತದೆ. ಬಿಳಿ, ಹಳದಿ, ತಿಳಿಗುಲಾಬಿ ಬಣ್ಣದ ಹೂಗಳಲ್ಲಿ ಕಲೆ ಎದ್ದು ಕಾಣುತ್ತದೆ.

ಪರೀಕ್ಷೆ: ಬಿಳಿ ಹಾಳೆಯನ್ನು ಚಿಗುರಿನ ಕೆಳಗೆ ಹಿಡಿದು ನಾಲ್ಕೈದು ಸಲ ಜೋರಾಗಿ ತಟ್ಟಿ. ಅರೆ ನಿಮಿಷ ಸುಮ್ನೆ ನೋಡುತ್ತಾ ಇರಿ. ಒಂದು ಮಿಲಿಮೀಟರ್ ಉದ್ದದ, ದಾರದ ಚೂರಿನಂಥ ಹಳದಿ ಗೆರೆಗಳು ಓಡಿದರೆ ಥ್ರಿಪ್ಸ್ ಖಾತ್ರಿ. ಏನೂ ಓಡಲಿಲ್ಲ ಅಂದರೆ ಬಿಸಿಲಿನ ಮೇಲೆ ಅನುಮಾನ ಪಡಿ. ಏಪ್ರಿಲ್, ಮೇ ತಿಂಗಳಲ್ಲಿ ಸಿಮೆಂಟ್ ಟೆರೇಸ್ ಮೇಲಿಟ್ಟ ಕುಂಡದಲ್ಲಿ ಎಲೆಯಂಚು ಬಿಸಿಗೇ ಸುಡುತ್ತದೆ. ಆದರೆ ಆ ಸುಟ್ಟ ಅಂಚು ಗರಿಗರಿಯಾಗಿರುತ್ತದೆ, ಪಶ್ಚಿಮದ ಬಿಸಿಲು ಬೀಳುವ ಬದಿಯಲ್ಲೇ ಹೆಚ್ಚಿರುತ್ತದೆ, ಎಲೆ ಸೊಟ್ಟ ಆಗಿರುವುದಿಲ್ಲ. ಅದಕ್ಕೆ ಮಧ್ಯಾಹ್ನದ ನೆರಳು ಮತ್ತು ಬೆಳಗಿನ ನೀರೇ ಔಷಧ.

ಥ್ರಿಪ್ಸ್ ಎಂದು ಖಾತ್ರಿಯಾದರೆ ಮೊದಲ ಕೆಲಸ ಕತ್ತರಿಯದು. ಮುರುಟಿದ ಚಿಗುರು, ಅರಳದ ಮೊಗ್ಗು, ಬಾಡಿದ ಹೂ ಎಲ್ಲವನ್ನೂ ಕತ್ತರಿಸಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಗಿಡದ ಬುಡದಲ್ಲಿ ಬಿಸಾಡಬೇಡಿ. ಮುರುಟಿದ ಎಲೆ ಏನು ಮಾಡಿದರೂ ನೆಟ್ಟಗಾಗುವುದಿಲ್ಲ, ಅದರ ಮೇಲೆ ಆಸೆ ಬೇಡ. ಮುಂದೆ ಬರುವ ಚಿಗುರು ಚೆನ್ನಾಗಿದೆಯೋ ಇಲ್ಲವೋ ಅದನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಎರಡನೆಯದು ಮಣ್ಣು. ಥ್ರಿಪ್ಸ್ ಕೋಶದ ಹಂತವನ್ನು ಬಹಳ ಮಟ್ಟಿಗೆ ಮೇಲ್ಮಣ್ಣು ಮತ್ತು ಉದುರಿದ ಎಲೆಯಲ್ಲಿ ಕಳೆಯುತ್ತದೆ. ತರಗು ಗುಡಿಸಿ, ಮೇಲಿನ ಒಂದು ಇಂಚು ಮಣ್ಣನ್ನು ಕೆದಕಿ ಬಿಸಿಲು ಕಾಣಿಸಿ. ಬೇರು ಮೇಲೇ ಇದ್ದರೆ ಜೋಪಾನ. ನೀಲಿ ಬಣ್ಣದ ಅಂಟು ಹಾಳೆ ತೂಗುಹಾಕಿದರೆ ಒಂದಷ್ಟು ಸಿಕ್ಕಿಬೀಳುತ್ತವೆ. ಅಂಟು ಹಾಳೆಯಿಂದ ಥ್ರಿಪ್ಸ್ ಮುಗಿಯುವುದಿಲ್ಲ, ಜಾಸ್ತಿ ಆಗುತ್ತಿದೆಯೋ ಕಡಿಮೆ ಆಗುತ್ತಿದೆಯೋ ತಿಳಿಯುತ್ತದೆ.

ಆಮೇಲೂ ಹೊಸ ಚಿಗುರು ಮುರುಟಿದರೆ ಬೇವಿನ ಕಷಾಯ ಹೊಡೆಯಿರಿ. ಥ್ರಿಪ್ಸ್ ಮೊಟ್ಟೆ ಎಲೆಯ ಒಳಗೇ ಇರುತ್ತದೆ, ಯಾವ ಸಿಂಪಡಣೆಯೂ ಅಲ್ಲಿಗೆ ಮುಟ್ಟುವುದಿಲ್ಲ. ಅದಕ್ಕೇ ವಾರಕ್ಕೊಮ್ಮೆಯಂತೆ ಮೂರು ಸಲವಾದರೂ ಹೊಡೆಯಬೇಕು. ಒಂದೇ ಸಲ ಹೊಡೆದು ಬೇವು ಕೆಲಸ ಮಾಡಲಿಲ್ಲ ಎನ್ನಬೇಡಿ.

ಎಲೆ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ, ಹಸಿರು ಮಾಸಿದೆ, ಅಡಿಯಲ್ಲಿ ಸಣ್ಣ ಬಲೆ

ಇದು ಕೆಂಪು ನುಸಿ. ಹುಳುವಲ್ಲ, ಜೇಡದ ಜಾತಿಗೆ ಸೇರಿದ್ದು, ಎಂಟು ಕಾಲು. ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಹುಳುವಿನ ಔಷಧ ಇದಕ್ಕೆ ತಟ್ಟದಿರುವುದು ಇದೇ ಕಾರಣಕ್ಕೆ.

ಕೆಳಗಿನ ಎಲೆ ಕಿತ್ತು ಅಡಿಭಾಗವನ್ನು ಬಿಳಿ ಹಾಳೆಗೆ ತಟ್ಟಿ. ದೂಳಿನಂತೆ ಬಿದ್ದ ಚುಕ್ಕೆಗಳು ನಿಧಾನಕ್ಕೆ ತೆವಳುತ್ತವೆ. ಬೆರಳಿಂದ ಒರೆಸಿದರೆ ಕೆಂಪು ಅಥವಾ ಕಂದು ಗೆರೆ ಮೂಡುತ್ತದೆ. ಬರೀ ದೂಳಾಗಿದ್ದರೆ ಗೆರೆ ಮೂಡುವುದಿಲ್ಲ. ರಸ್ತೆ ಬದಿಯ ಮನೆಗಳಲ್ಲಿ ಈ ವ್ಯತ್ಯಾಸ ನೋಡಲೇಬೇಕು. ಬೇಸಿಗೆಯಲ್ಲಿ ಎಲೆ ತುಂಬ ದೂಳು ಇರುತ್ತದೆ, ಅದರಡಿ ನುಸಿ ಇದ್ದರೂ ಕಾಣುವುದಿಲ್ಲ. ದೂಳು ಕೂತ, ನೀರಿಗೆ ಬಾಯಾರಿದ ಗಿಡವೇ ನುಸಿಗೆ ಹೆಚ್ಚು ಸಿಗುತ್ತದೆ.

ಬಿಸಿ ಹವೆಯಲ್ಲಿ ನುಸಿಯ ಒಂದು ತಲೆಮಾರು ವಾರದೊಳಗೆ ಮುಗಿದು ಇನ್ನೊಂದು ಶುರುವಾಗುತ್ತದೆ. ಹಾಗಾಗಿ ಇಲ್ಲಿ ತಡ ಮಾಡಬಾರದು. ಬಲೆ ಕಟ್ಟಿದ ಎಲೆಗಳನ್ನು ಕಿತ್ತು ಚೀಲಕ್ಕೆ ಹಾಕಿ. ಉಳಿದ ಎಲೆಗಳ ಅಡಿಭಾಗವನ್ನು ನೀರಿನಿಂದ ತೊಳೆಯಿರಿ. ಸಣ್ಣ ಕುಂಡವಾದರೆ ಓರೆ ಮಾಡಿ ಹಿಡಿದು ತೊಳೆಯುವುದು ಸುಲಭ. ಮೂರು ದಿನಕ್ಕೊಮ್ಮೆ, ಬೆಳಿಗ್ಗೆ. ಸಂಜೆ ತೊಳೆದು ಎಲೆ ರಾತ್ರಿಯಿಡೀ ಒದ್ದೆ ಇದ್ದರೆ ರೋಗಕ್ಕೆ ದಾರಿಯಾಗುತ್ತದೆ. ಮಣ್ಣು ಒಣಗಿದ್ದರೆ ಬುಡಕ್ಕೂ ನೀರು ಕೊಡಿ. ಹೆಚ್ಚಿನ ಮನೆ ಗಿಡಗಳಿಗೆ ಎರಡು ವಾರ ಇಷ್ಟು ಮಾಡಿದರೆ ಸಾಕು. ಹೊಸ ಎಲೆ ಚುಕ್ಕೆ ಇಲ್ಲದೆ ಬರತೊಡಗುತ್ತದೆ.

ಇಲ್ಲಿ ಒತ್ತಿ ಹೇಳಬೇಕಾದ ಮಾತಿದೆ. ನುಸಿ ಇರುವ ಗಿಡಕ್ಕೆ ಇಮಿಡಾಕ್ಲೋಪ್ರಿಡ್ ಅಥವಾ ಸೈಪರ್ಮೆಥ್ರಿನ್ ಥರದ ಕೀಟನಾಶಕ ಹೊಡೆಯಬೇಡಿ. ನುಸಿಯನ್ನು ತಿನ್ನುವ ಒಳ್ಳೆಯ ಕೀಟಗಳು ಸಾಯುತ್ತವೆ, ನುಸಿ ಉಳಿಯುತ್ತದೆ. ಆಮೇಲೆ ಗಿಡ ಬೋಳಾಗಬಹುದು. "ಎಷ್ಟು ಹೊಡೆದರೂ ಹೋಗುತ್ತಿಲ್ಲ" ಎನ್ನುವವರ ಗಿಡದಲ್ಲಿ ಬಹಳ ಸಲ ನಡೆದಿರುವುದು ಇದೇ.

ನೀರಿಗೆ ಬಗ್ಗದಿದ್ದರೆ ನೀರಲ್ಲಿ ಕರಗುವ ಗಂಧಕದ ಪುಡಿ, ಲೀಟರಿಗೆ 2 ಗ್ರಾಂ. ಇದು ಬೂದಿ ರೋಗಕ್ಕೂ ಆಗುತ್ತದೆ. ಆದರೆ ಉಷ್ಣಾಂಶ 32 ಡಿಗ್ರಿ ದಾಟುವ ದಿನಗಳಲ್ಲಿ ಗಂಧಕ ಎಲೆಯನ್ನೇ ಸುಡುತ್ತದೆ. ನಮ್ಮಲ್ಲಿ ಮಾರ್ಚ್‌ನಿಂದ ಮೇ ವರೆಗೆ ಹೆಚ್ಚಿನ ದಿನ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಆಗ ಗಂಧಕ ಬೇಡವೇ ಬೇಡ, ಬೇವು ಮತ್ತು ನೀರೇ ಇರಲಿ. ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೂ ಗಂಧಕ ಹಾಕಬಾರದು, ಎರಡೂ ಸೇರಿದರೆ ಎಲೆ ಸುಡುತ್ತದೆ.

ಬೇವಿನ ಕಷಾಯ ಮಾಡುವುದು

ಬೇವಿನ ಬೀಜದ ತಿರುಳು 50 ಗ್ರಾಂ ಪುಡಿ ಮಾಡಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆ ಹಾಕಿ. ಬೆಳಿಗ್ಗೆ ಗಂಟನ್ನು ಚೆನ್ನಾಗಿ ಹಿಂಡಿ, ಸೋಸಿ, ಒಂದೆರಡು ಮಿಲಿಲೀಟರ್ ದ್ರವ ಸೋಪು ಬೆರೆಸಿ. ಇದೇ ಶೇ. 5ರ ಕಷಾಯ. ಅದೇ ದಿನ ಸಂಜೆ ಬಿಸಿಲು ಇಳಿದ ಮೇಲೆ ಹೊಡೆದು ಮುಗಿಸಿ, ಇಟ್ಟರೆ ಶಕ್ತಿ ಹೋಗುತ್ತದೆ. ಬಟ್ಟೆ ಒಗೆಯುವ ಪುಡಿ ಮಾತ್ರ ಹಾಕಬೇಡಿ, ಎಲೆ ಸುಡುತ್ತದೆ.

ಬೀಜ ಸಿಗದಿದ್ದರೆ ಅಂಗಡಿಯ ಬೇವಿನೆಣ್ಣೆ, ಲೀಟರಿಗೆ 3ರಿಂದ 5 ಮಿಲಿಲೀಟರ್, ಸೋಪಿನ ಜೊತೆ. ಎಣ್ಣೆ ನೀರಿನ ಮೇಲೆ ತೇಲುತ್ತಿದ್ದರೆ ಇನ್ನೂ ಕಲೆಸಬೇಕು. ಯಾವುದನ್ನೇ ಆದರೂ ಮೊದಲು ನಾಲ್ಕು ಎಲೆಗೆ ಹೊಡೆದು ಎರಡು ದಿನ ನೋಡಿ, ಸುಡದಿದ್ದರೆ ಇಡೀ ಗಿಡಕ್ಕೆ. ಎಲೆಯ ಅಡಿ ಒದ್ದೆಯಾಗದಿದ್ದರೆ ಹೊಡೆದದ್ದು ಸುಮ್ನೆ ವ್ಯರ್ಥ.

ಎಲೆ ತೂತಾಗಿದೆ, ಅಂಚು ಕತ್ತರಿಸಿದೆ

ಕತ್ತರಿಸಿದ ಆಕಾರ ನೋಡಿ. ಅಂಚಿನಲ್ಲಿ ನಾಣ್ಯ ಇಟ್ಟು ಕತ್ತರಿಸಿದಷ್ಟು ನಯವಾದ ಅರ್ಧಚಂದ್ರ ಇದ್ದರೆ ಅದು ಎಲೆ ಕತ್ತರಿಸುವ ಜೇನು. ಗೂಡಿಗೆ ಹಾಸಲು ತುಂಡು ಒಯ್ಯುತ್ತದೆ, ತಿನ್ನುವುದಿಲ್ಲ. ಪರಾಗ ಹೊತ್ತು ತಿರುಗುವ ಜೀವ. ಗಿಡಕ್ಕೆ ಏನೂ ಆಗುವುದಿಲ್ಲ, ಏನೂ ಮಾಡಬೇಡಿ.

ಒರಟೊರಟಾಗಿ ತಿಂದಿದ್ದು, ಕೆಳಗಿನ ಎಲೆ ಮೇಲೆ ಕಪ್ಪು ಹಿಕ್ಕೆ ಬಿದ್ದಿದ್ದರೆ ಕಂಬಳಿಹುಳು ಅಥವಾ ಕೀಡೆ. ಹಿಕ್ಕೆ ಇರುವ ಜಾಗದ ಮೇಲಿನ ಎಲೆಗಳನ್ನು ತಿರುವಿದರೆ ಸಿಗುತ್ತದೆ. ಮೊಗ್ಗಿಗೆ ದುಂಡಗಿನ ತೂತು ಇದ್ದರೆ ಒಳಗೆ ಕಾಯಿಕೊರಕ ಇರುತ್ತದೆ. ಹಿಂಗಾರಿ ಕಡಲೆಗೆ ಬೀಳುವ ಅದೇ ಹಸಿರು ಕೀಡೆ. ಆ ಮೊಗ್ಗು ಕತ್ತರಿಸಿ ಹಾಕಿ. ಕೈಯಿಂದ ಆರಿಸುವುದೇ ಇದಕ್ಕೆ ಸರಿಯಾದ ಉಪಾಯ. ರೋಮ ಇರುವ ಕಂಬಳಿಹುಳುವನ್ನು ಬರಿಗೈಯಲ್ಲಿ ಮುಟ್ಟಬೇಡಿ, ತುರಿಕೆ ಏಳುತ್ತದೆ. ಆರಿಸಿ ಮುಗಿಯದಷ್ಟು ಇದ್ದರೆ ಬಿಟಿ (ಬ್ಯಾಸಿಲಸ್ ಥುರಿಂಜೆನ್ಸಿಸ್ ಎಂಬ ಬ್ಯಾಕ್ಟೀರಿಯಾದಿಂದ ಮಾಡಿದ) ಪುಡಿ ಸಿಗುತ್ತದೆ, ಅದು ಕೀಡೆಗಳಿಗಷ್ಟೇ ತಟ್ಟುತ್ತದೆ.

ರಾತ್ರಿ ಬೆಳಗಾಗುವುದರಲ್ಲಿ ಎಲೆ ಜರಡಿ ಆಗಿದೆ, ಹಗಲು ಒಂದು ಹುಳವೂ ಕಾಣುತ್ತಿಲ್ಲ, ಮೊನ್ನೆಯಷ್ಟೇ ಮೊದಲ ಮಳೆ ಬಿದ್ದಿದೆ. ಹೀಗಿದ್ದರೆ ಗೊಣ್ಣೆಹುಳುವಿನ ದುಂಬಿ. ಮೇ, ಜೂನ್ ಮಳೆ ಬಿದ್ದ ಸಂಜೆ ಮಣ್ಣಿಂದ ಎದ್ದು ಬೇವು, ಜಾಲಿ ಮರಗಳಿಗೆ ಹಾರುತ್ತವೆ, ಹತ್ತಿರದ ಗುಲಾಬಿಯನ್ನೂ ಬಿಡುವುದಿಲ್ಲ. ರಾತ್ರಿ ಊಟಕ್ಕೆ ಮೊದಲು ಬ್ಯಾಟರಿ ಹಿಡಿದು ಹೋಗಿ, ಗಿಡ ಅಲುಗಾಡಿಸಿ, ಬಿದ್ದ ದುಂಬಿಗಳನ್ನು ಸೋಪಿನ ನೀರಿನ ಬಕೆಟ್ಟಿಗೆ ಹಾಕಿ. ಮನೆಯವರು, ಅಕ್ಕಪಕ್ಕದವರು ಸೇರಿ ಮಾಡಿದರೆ ಇನ್ನೂ ಒಳ್ಳೆಯದು. ಈಗ ಹಿಡಿದ ಒಂದು ದುಂಬಿ ಮುಂದೆ ಮಣ್ಣಲ್ಲಿ ಹುಟ್ಟುವ ಎಷ್ಟೋ ಗೊಣ್ಣೆಹುಳುವನ್ನು ತಪ್ಪಿಸುತ್ತದೆ.

ಕಾಂಡದ ಮೇಲೆ ಹುರುಪು, ಅಥವಾ ಬಿಳಿ ಹತ್ತಿ

ಉಗುರಿಂದ ಕೆರೆದರೆ ಕೆಂಪು, ಕಂದು ಚಿಪ್ಪು ಎದ್ದು ಬಂದರೆ ಶಲ್ಕ ಕೀಟ. ಬಿಳಿ ಹತ್ತಿ ಥರ ಇದ್ದರೆ ಹಿಟ್ಟು ತಿಗಣೆ. ಹಳೆಯ ಹಲ್ಲುಜ್ಜುವ ಬ್ರಷ್‌ಗೆ ಸೋಪಿನ ನೀರು ಹಚ್ಚಿ ತಿಕ್ಕಿ ತೆಗೆಯಿರಿ. ತುಂಬಾ ಮುತ್ತಿದ ಕೊಂಬೆಯನ್ನು ಕತ್ತರಿಸಿ ಹಾಕಿ.

ಹುಳು ಸಿಗುತ್ತಿಲ್ಲ, ಆದರೂ ಎಲೆ ಕೆಡುತ್ತಿದೆ

ಹಾಳೆ ತಟ್ಟಿದರೂ, ಎಲೆ ತಿರುವಿದರೂ ಏನೂ ಸಿಗಲಿಲ್ಲ ಅಂದರೆ ಕೀಟನಾಶಕದ ಯೋಚನೆಯನ್ನೇ ಬಿಡಿ.

ಕೆಳಗಿನ ಎಲೆಯಲ್ಲಿ ಕಪ್ಪು ದುಂಡು ಚುಕ್ಕೆ, ಅದರ ಅಂಚು ಎಳೆಎಳೆಯಾಗಿ ಹರಡಿದೆ, ಸುತ್ತ ಹಳದಿಯಾಗಿ ಎಲೆ ಉದುರುತ್ತಿದೆ: ಕಪ್ಪು ಚುಕ್ಕೆ ರೋಗ. ಎಲೆ ಸುಮಾರು ಏಳು ತಾಸು ಒದ್ದೆಯಾಗಿದ್ದರೆ ಈ ಬೂಷ್ಟು ಒಳಹೊಕ್ಕುತ್ತದೆ. ಅದಕ್ಕೆ ನೀರನ್ನು ಬುಡಕ್ಕೆ ಮಾತ್ರ ಹಾಕಿ. ಬಿದ್ದ ಎಲೆಯನ್ನು ಒಂದೂ ಬಿಡದೆ ಆರಿಸಿ, ಗೊಬ್ಬರದ ಗುಂಡಿಗೂ ಹಾಕಬೇಡಿ. ಕುಂಡಗಳ ನಡುವೆ ಗಾಳಿ ಆಡುವಷ್ಟು ಜಾಗ ಬಿಡಿ. ಮಳೆಗಾಲದಲ್ಲಿ ಸೂರಿನ ಅಂಚಿಗೆ ಸರಿಸಿದರೂ ದೊಡ್ಡ ವ್ಯತ್ಯಾಸ ಆಗುತ್ತದೆ. ಆದರೂ ಏರುತ್ತಿದ್ದರೆ ಮ್ಯಾಂಕೋಜೆಬ್‌ನಂಥ ಶಿಲೀಂಧ್ರನಾಶಕ, ಲೇಬಲ್ ಮೇಲಿನ ಅಳತೆಯಲ್ಲಿ. ಆಗಲೇ ಚುಕ್ಕೆ ಬಿದ್ದ ಎಲೆ ಅದರಿಂದ ವಾಸಿ ಆಗುವುದಿಲ್ಲ, ಹೊಸ ಎಲೆ ಉಳಿಯುತ್ತದೆ.

ಚಿಗುರು, ಮೊಗ್ಗಿನ ಮೇಲೆ ವಿಭೂತಿ ಬಳಿದಂತೆ ಬಿಳಿ ಪುಡಿ: ಬೂದಿ ರೋಗ. ಹಗಲು ಒಣ, ರಾತ್ರಿ ತಂಪು ಇರುವ ನವೆಂಬರ್‌ನಿಂದ ಫೆಬ್ರವರಿವರೆಗೆ. ಪುಡಿ ಬಳಿದ ತುದಿಗಳನ್ನು ಕತ್ತರಿಸಿ. ಚಳಿಗಾಲದಲ್ಲಿ, ಮೇಲೆ ಕೆಂಪು ನುಸಿಗೆ ಹೇಳಿದ ಗಂಧಕದ ಪುಡಿ ಬಳಸಬಹುದು, ಬೇವಿನೆಣ್ಣೆ ಹೊಡೆದು ಎರಡು ವಾರ ಆಗಿರಬೇಕು ಅಷ್ಟೇ.

ಎಲೆ ಹಳದಿಯಾದರೆ ಬೆರಳು ಮಣ್ಣಿಗೆ ಹಾಕಿ. ಎರಡು ಇಂಚು ಕೆಳಗೂ ಹಸಿ ಇದೆ, ಕೆಳಗಿನ ಎಲೆ ಹಳದಿಯಾಗಿ ಉದುರುತ್ತಿದೆ ಅಂದರೆ ನೀರು ಜಾಸ್ತಿ. ಹುಬ್ಬಳ್ಳಿ, ನವಲಗುಂದ, ಗದಗ ಕಡೆಯ ಎರೆ ಮಣ್ಣನ್ನು ಹಾಗೆಯೇ ಕುಂಡಕ್ಕೆ ತುಂಬಿದರೆ ಇದು ಆಗಿಯೇ ಆಗುತ್ತದೆ. ಆ ಮಣ್ಣು ನೀರು ಹಿಡಿದರೆ ಬಿಡುವುದಿಲ್ಲ, ಒಣಗಿದರೆ ಬಿರಿಯುತ್ತದೆ. ಎರಡು ಪಾಲು ಮಸಾರಿ (ಕೆಂಪು) ಮಣ್ಣು, ಒಂದು ಪಾಲು ಹಳೆಯ ತಿಪ್ಪೆಗೊಬ್ಬರ, ಒಂದು ಪಾಲು ಮರಳು ಸೇರಿಸಿ ಮರುನಾಟಿ ಮಾಡಿ. ಕುಂಡದ ತೂತು ಮುಚ್ಚಿದೆಯೋ ನೋಡಿ. ತುದಿಯ ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಇದ್ದರೆ ಕಬ್ಬಿಣದ ಕೊರತೆ. ಸುಣ್ಣದ ಅಂಶ ಇರುವ ಎರೆ ಮಣ್ಣು, ಗಡಸು ಬೋರ್ ನೀರು ಇರುವ ಕಡೆ ಇದು ಸಾಮಾನ್ಯ. ಚೀಲೇಟೆಡ್ ಕಬ್ಬಿಣವನ್ನು (ಗಿಡ ಸುಲಭವಾಗಿ ಹೀರುವ ರೂಪದ ಕಬ್ಬಿಣ) ಲೇಬಲ್ ನೋಡಿ ಎಲೆಗೆ ಸಿಂಪಡಿಸಿ. ಆಗಾಗ ಮಳೆ ನೀರು ಹಿಡಿದು ಹಾಕಿ.

ಗಿಡ ಇದ್ದಕ್ಕಿದ್ದಂತೆ ಬಾಡಿತು

ನೀರು ಹಾಕಿದರೂ ಬಾಡುತ್ತಿದ್ದರೆ ಬುಡ ಅಲುಗಾಡಿಸಿ. ಸಡಿಲವಾಗಿದ್ದರೆ ಕುಂಡ ಬೋರಲು ಹಾಕಿ. ಬಿಳಿ ಮೈ, ಕಂದು ತಲೆಯ, ಕೊಕ್ಕೆಯಂತೆ ಬಾಗಿದ ಗೊಣ್ಣೆಹುಳು ಬೇರು ತಿನ್ನುತ್ತಿರಬಹುದು. ಪೂರ್ತಿ ಕಳಿಯದ ಸಗಣಿ ಗೊಬ್ಬರದ ಜೊತೆ ಬಂದಿರುತ್ತವೆ. ಆರಿಸಿ ತೆಗೆದು, ಮಣ್ಣು ಬದಲಿಸಿ, ಮೂರು ನಾಲ್ಕು ದಿನ ನೆರಳಲ್ಲಿಡಿ. ಹುಳು ಇಲ್ಲ, ಬೇರು ಕಪ್ಪಾಗಿ ವಾಸನೆ ಬರುತ್ತಿದೆ ಅಂದರೆ ಬೇರು ಕೊಳೆತಿದೆ. ಕಸಿ ಗಂಟಿನವರೆಗೂ (ಬುಡದ ಹತ್ತಿರ ಕಸಿ ಕಟ್ಟಿದ ಜಾಗದ ಉಬ್ಬು) ಕಾಂಡ ಕಪ್ಪಾಗಿದ್ದರೆ ಆ ಗಿಡ ಉಳಿಯುವುದಿಲ್ಲ. ಔಷಧಕ್ಕೆ ದುಡ್ಡು ಹಾಕದೆ ಕಿತ್ತುಬಿಡಿ, ಆ ಮಣ್ಣಿಗೆ ಮತ್ತೆ ಗುಲಾಬಿ ಹಚ್ಚಬೇಡಿ.

ಗಿಡ ಸೊಂಪಾಗಿದೆ, ಹೂವೇ ಇಲ್ಲವೇ? ಕಸಿ ಗಂಟಿನ ಕೆಳಗಿಂದ ಎದ್ದ ಕೊಂಬೆ ಇದೆಯೋ ನೋಡಿ. ಅದು ಬೇರುಗಿಡದ್ದು, ಅಂದರೆ ಕಸಿ ಕಟ್ಟಲು ಬಳಸಿದ ಕೆಳಗಿನ ಗಿಡದ್ದು. ಬುಡದಿಂದಲೇ ತೆಗೆಯಿರಿ. ಜವಾರಿ ಗುಲಾಬಿಯನ್ನು ಟೊಂಗೆ ಊರಿ ಬೆಳೆಸಿದ್ದರೆ ಈ ಚಿಂತೆ ಇಲ್ಲ. ಹೊಸಬರಿಗೆ ನಾನು ಹೇಳುವುದು ಅದನ್ನೇ, ಮೊದಲ ಗಿಡ ಜವಾರಿ ಇರಲಿ.

ರಾಸಾಯನಿಕ ಹೊಡೆಯಲೇಬೇಕಾದರೆ

ಡಬ್ಬಿಯ ಮೇಲಿನ ತ್ರಿಕೋನ ನೋಡಿ. ಕೆಂಪು ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಕೆಂಪು ಮತ್ತು ಹಳದಿ ತ್ರಿಕೋನದ್ದು ಮನೆಯಂಗಳಕ್ಕೆ ತರಬೇಡಿ. ಹೊಲಕ್ಕೆ ತಂದು ಉಳಿದದ್ದನ್ನು ಹೂಗಿಡಕ್ಕೆ ಹೊಡೆಯುವುದು ನಮ್ಮ ಹಳ್ಳಿಗಳಲ್ಲಿ ನಡೆಯುತ್ತದೆ, ಅದು ಅಪಾಯ. ಲೇಬಲ್ ಇಲ್ಲದ ಬಾಟಲಿ, ಚೀಟಿಯಲ್ಲಿ ಕಟ್ಟಿಕೊಟ್ಟ ಪುಡಿ ಕೊಳ್ಳಬೇಡಿ.

ಕೈಗವಸು, ಮಾಸ್ಕ್, ತುಂಬುತೋಳಿನ ಅಂಗಿ ಬೇಕು. ಗಾಳಿ ಬೀಸುವಾಗ ಬೇಡ. ಸಂಜೆ, ಜೇನು ಗೂಡಿಗೆ ಮರಳಿದ ಮೇಲೆ ಹೊಡೆಯಿರಿ, ಅರಳಿದ ಹೂವಿನ ಮೇಲೆ ಬೀಳದಿರಲಿ. ಎರಡು ಔಷಧ ಬೆರೆಸಬೇಡಿ. ಅಡುಗೆಮನೆಯ ಚಮಚ, ಲೋಟ ಅಳತೆಗೆ ಬೇಡ, ಕುಡಿಯುವ ನೀರಿನ ಬಾಟಲಿಗೆ ತುಂಬಿಡಲೇ ಬೇಡಿ. ಔಷಧ ಹೊಡೆದ ಗಿಡದ ಪಕಳೆಯನ್ನು ಗುಲ್ಕಂದಕ್ಕೆ ಬಳಸಬೇಡಿ. ಮೈಗೆ ಚೆಲ್ಲಿದರೆ ಬಟ್ಟೆ ತೆಗೆದು ಸೋಪಿನಿಂದ ಚೆನ್ನಾಗಿ ತೊಳೆಯಿರಿ. ತಲೆ ಸುತ್ತು, ವಾಂತಿ, ಬೆವರು, ಕಣ್ಣು ಮಂಜು ಏನಾದರೂ ಆದರೆ ಕೆಲಸ ಅಲ್ಲಿಗೇ ನಿಲ್ಲಿಸಿ, 108ಕ್ಕೆ ಫೋನ್ ಮಾಡಿ, ಡಬ್ಬಿಯನ್ನು ಜೊತೆಗೇ ಆಸ್ಪತ್ರೆಗೆ ಒಯ್ಯಿರಿ. ಯಾರಾದರೂ ನುಂಗಿದ್ದರೆ ಬಲವಂತವಾಗಿ ವಾಂತಿ ಮಾಡಿಸಬೇಡಿ.

ಯಾವಾಗ ಬೇರೆಯವರನ್ನು ಕೇಳಬೇಕು

ನೀರು, ಕತ್ತರಿ, ಬೇವು ಸರಿಯಾಗಿ ಮೂರು ವಾರ ಮಾಡಿದರೂ ಹೊಸ ಚಿಗುರು ಕೆಟ್ಟೇ ಬರುತ್ತಿದ್ದರೆ, ಕೊಂಬೆಗಳು ತುದಿಯಿಂದ ಕಪ್ಪಾಗಿ ಕೆಳಗಿಳಿಯುತ್ತಿದ್ದರೆ, ಅಥವಾ ಒಂದು ಗಿಡದಿಂದ ಹಲವು ಗಿಡಕ್ಕೆ ವೇಗವಾಗಿ ಹರಡುತ್ತಿದ್ದರೆ ತಿಳಿದವರಿಗೆ ತೋರಿಸಿ. ಧಾರವಾಡದವರಿಗೆ ಕೃಷಿ ವಿಶ್ವವಿದ್ಯಾಲಯ ಇದೆ, ಸೈದಾಪುರದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಗದಗ ಜಿಲ್ಲೆಗೆ ಹುಲಕೋಟಿಯಲ್ಲಿ, ಹಾವೇರಿ ಜಿಲ್ಲೆಗೆ ಹನುಮನಮಟ್ಟಿಯಲ್ಲಿ ಕೇಂದ್ರಗಳಿವೆ. ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಕೇಳಬಹುದು.

ಹೋಗುವಾಗ ಒಂದೇ ಎಲೆ ಒಯ್ಯಬೇಡಿ. ಕೆಟ್ಟ ಎಲೆ, ಅರೆಕೆಟ್ಟದ್ದು, ಚೆನ್ನಾಗಿರುವುದು ಮೂರೂ ಇರುವ ಒಂದು ಕೊಂಬೆಯನ್ನು ಅವತ್ತೇ ಬೆಳಿಗ್ಗೆ ಕತ್ತರಿಸಿ, ಕಾಗದದಲ್ಲಿ ಸುತ್ತಿ ಒಯ್ಯಿರಿ. ಪ್ಲಾಸ್ಟಿಕ್‌ನಲ್ಲಿ ಬೆವರಿ ಕೊಳೆಯುತ್ತದೆ. ಎಲೆಯ ಎರಡೂ ಬದಿಯ ಫೋಟೊ, ಇಡೀ ಗಿಡದ ಫೋಟೊ ಇರಲಿ. ಯಾವ ದಿನ ಏನು ಹೊಡೆದಿರಿ, ಎಷ್ಟು ಹೊಡೆದಿರಿ, ಯಾವ ಮಣ್ಣು, ನಳದ ನೀರೋ ಬೋರ್ ನೀರೋ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಹೊಡೆದ ಔಷಧದ ಡಬ್ಬಿ ಇದ್ದರೆ ಅದರ ಲೇಬಲ್ಲಿನ ಫೋಟೊ ಕೂಡ ತೋರಿಸಿ.